ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ಬಾಂಡ್ ಎಷ್ಟು ನಗಬೇಕು, ಎಷ್ಟು ನೋಯಬೇಕು?

ಜೇಮ್ಸ್ ಬಾಂಡ್ ಸರಣಿಯ ಮುಂದಿನ ಚಿತ್ರದ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಪುಟ್ಟ ಟಿಪ್ಪಣಿಗೆ ಮಂಗಳೂರು ಮತ್ತು ಉಡುಪಿಯ ಕಡೆಯಿಂದ ಬಂದ ಪತ್ರಗಳು ಬಹುಪಾಲು ಒಂದೇ ಪ್ರಶ್ನೆಯ ಸುತ್ತ ಸುಳಿದಿವೆ. ಆರು ದಶಕ ದಾಟಿದ ಈ ಗೂಢಚಾರ ಸರಣಿ ಇನ್ನು ಮುಂದೆ ಗಂಭೀರವಾಗಿರಬೇಕೇ, ಮೋಜಿನದಾಗಿರಬೇಕೇ ಎಂಬುದೇ ಆ ಪ್ರಶ್ನೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ರೋಜರ್ ಮೂರ್ ಅವರ ಬಾಂಡ್ ನೋಡಿ ಬೆಳೆದವನು ನಾನು. ಡೇನಿಯಲ್ ಕ್ರೇಗ್ ಅವರ ಚಿತ್ರಗಳನ್ನು ನೋಡಿದರೆ ಸೂತಕದ ಮನೆಗೆ ಹೋಗಿ ಬಂದ ಹಾಗಾಗುತ್ತದೆ. ಸರಣಿಯ ಹೊಸ ಒಡೆಯರಾದ ಅಮೆಜಾನ್‌ನವರು ಹಳೆಯ ಮೋಜನ್ನು ಮರಳಿ ತರಬೇಕಲ್ಲವೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಕದ್ರಿ

ಉತ್ತರ: ತಮ್ಮ ಬೇಡಿಕೆ ಹೊಸದೇನೂ ಅಲ್ಲ. 1962ರ ‘ಡಾಕ್ಟರ್ ನೋ’ದಿಂದ 2021ರ ‘ನೋ ಟೈಮ್ ಟು ಡೈ’ವರೆಗಿನ ಇಪ್ಪತ್ತೈದು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ, ಪ್ರತಿಯೊಂದು ಅತಿರೇಕಕ್ಕೂ ಪ್ರೇಕ್ಷಕರೋ ನಿರ್ಮಾಪಕರೋ ಬೇಸತ್ತು ಅದರ ವಿರುದ್ಧ ದಿಕ್ಕಿಗೆ ಓಡಿದ್ದು ಸ್ಪಷ್ಟವಾಗಿ ಕಾಣುತ್ತದೆ. 1967ರಲ್ಲಿ ಕಲಾ ನಿರ್ದೇಶಕ ಕೆನ್ ಆ್ಯಡಮ್ ಅವರು ಆರಿದ ಜ್ವಾಲಾಮುಖಿಯ ಒಡಲಲ್ಲಿ ರಾಕೆಟ್ ನೆಲೆಯನ್ನೇ ಕಟ್ಟಿ ನಿಲ್ಲಿಸಿದರು. ಅದಕ್ಕಿಂತ ದೊಡ್ಡದನ್ನು ಕಟ್ಟುವುದು ಸಾಧ್ಯವಿಲ್ಲವೆಂಬಂತೆ 1969ರ ಚಿತ್ರ ಯಂತ್ರೋಪಕರಣಗಳನ್ನು ಬಹುಮಟ್ಟಿಗೆ ಬದಿಗಿಟ್ಟು, ಬಾಂಡ್‌ಗೆ ಮದುವೆ ಮಾಡಿಸಿ, ಅದೇ ದಿನ ಅವನ ಮಡದಿಯನ್ನು ಕೊಲ್ಲಿಸಿ, ಅಳುವನ್ನೂ ಅಳಲಾರದ ಗಂಡಸಿನ ಮುಖದ ಮೇಲೆ ಮುಗಿಯಿತು. 1979ರಲ್ಲಿ ಬಾಂಡ್ ಅಂತರಿಕ್ಷಕ್ಕೆ ಹಾರಿದ. 1981ರಲ್ಲಿ ಅವನನ್ನು ಮತ್ತೆ ನೆಲಕ್ಕಿಳಿಸಿದರು. 1985ರಲ್ಲಿ ಐವತ್ತೇಳರ ಮೂರ್ ಅವರು ವಿದಾಯ ಹೇಳಿದ ಮೇಲೆ 1987ರಲ್ಲಿ ಟಿಮೊಥಿ ಡಾಲ್ಟನ್ ಅವರು ಹುಬ್ಬುಗಂಟಿಕ್ಕಿಕೊಂಡೇ ಬಂದರು. 2002ರ ಅದೃಶ್ಯ ಕಾರಿನ ನಂತರ 2006ರಲ್ಲಿ ಕ್ರೇಗ್ ಅವರು ರಕ್ತ ಮೆತ್ತಿದ ಅಂಗಿಯಲ್ಲಿ ಕನ್ನಡಿಯ ಮುಂದೆ ನಿಂತರು. ಈಗ ತಾವು ಮೋಜನ್ನು ಕೇಳುತ್ತಿದ್ದೀರಿ. ಅದು ಬಂದ ಹತ್ತು ವರ್ಷಕ್ಕೆ ಕದ್ರಿಯಿಂದಲೇ ಇನ್ನೊಬ್ಬರು ಗಾಂಭೀರ್ಯವನ್ನು ಕೇಳಿ ಪತ್ರ ಬರೆಯುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಇದು ಪ್ರಮಾಣದ ಪ್ರಶ್ನೆಯೇ ಅಲ್ಲ. ಚಿತ್ರದೊಳಗಿನ ಅಪಾಯ ಮೊದಲು ನಿಜವೆನಿಸಬೇಕು, ಮೋಜು ಆ ಅಪಾಯದ ಒಳಗಿಂದಲೇ ಹುಟ್ಟಬೇಕು. 1964ರ ‘ಗೋಲ್ಡ್‌ಫಿಂಗರ್’ನಲ್ಲಿ ಬಾಂಡ್‌ನನ್ನು ಚಿನ್ನದ ಮೇಜಿಗೆ ಕಟ್ಟಿ, ಲೇಸರ್ ಕಿರಣವನ್ನು ಅವನ ಕಾಲುಗಳ ನಡುವಿನಿಂದ ಮೇಲಕ್ಕೆ ಹರಿಸುವ ದೃಶ್ಯವನ್ನು ನೆನಪಿಸಿಕೊಳ್ಳಿ. ನಾನು ಬಾಯಿಬಿಡಬೇಕೆಂದು ನಿನ್ನ ನಿರೀಕ್ಷೆಯೇ ಎಂದು ಬಾಂಡ್ ಕೇಳಿದಾಗ, ನೀನು ಸಾಯಬೇಕೆಂಬುದು ನನ್ನ ನಿರೀಕ್ಷೆ ಎಂದು ಖಳ ಬಹಳ ಸಲೀಸಾಗಿ ಹೇಳಿ ಹೊರಟುಬಿಡುತ್ತಾನೆ. ಪ್ರೇಕ್ಷಕರು ನಕ್ಕದ್ದು ಆ ಉತ್ತರಕ್ಕೆ. ಆದರೆ ಶಾನ್ ಕಾನರಿ ಅವರ ಮುಖದಲ್ಲಿ ಬೆವರಿದೆ, ದನಿಯಲ್ಲಿ ಆತುರವಿದೆ, ಹೇಗಾದರೂ ಬದುಕಿಕೊಳ್ಳಬೇಕೆಂಬ ಗಡಿಬಿಡಿಯಲ್ಲಿ ಅರ್ಧಂಬರ್ಧ ಗೊತ್ತಿರುವ ಗುಟ್ಟನ್ನು ಪೂರ್ತಿ ಗೊತ್ತಿರುವವನಂತೆ ಎಸೆಯುವ ಜೂಜುಕೋರತನವಿದೆ. ಅವರು ಆ ಹೊತ್ತಿನಲ್ಲಿ ಹುಬ್ಬು ಹಾರಿಸಿ ಮುಗುಳ್ನಕ್ಕಿದ್ದರೆ ಆ ಸಂಭಾಷಣೆ ಇಂದು ಯಾರ ನೆನಪಿನಲ್ಲಿಯೂ ಉಳಿಯುತ್ತಿರಲಿಲ್ಲ.

ತಮಗೆ ಪ್ರಿಯರಾದ ಮೂರ್ ಅವರ ಚಿತ್ರಗಳಿಂದಲೇ ಇನ್ನೊಂದು ನಿದರ್ಶನವನ್ನು ಕೊಡುತ್ತೇನೆ. 1981ರ ‘ಫಾರ್ ಯುವರ್ ಐಸ್ ಓನ್ಲಿ’ಯಲ್ಲಿ ಬಾಂಡ್‌ನ ಲೋಟಸ್ ಕಾರು ಆರಂಭದ ಹೊತ್ತಿನಲ್ಲೇ ತಾನಾಗಿ ಸಿಡಿದು ಚೂರಾಗುತ್ತದೆ. ಬೇರೆ ದಾರಿ ಕಾಣದೆ ಅವನು ಒಂದು ಹಳದಿ ಬಣ್ಣದ, ತರಕಾರಿ ತರಲು ಮಾತ್ರ ಲಾಯಕ್ಕಾದ ಸಿಟ್ರೋಯೆನ್ ಕಾರಿನಲ್ಲಿ ಗುಡ್ಡದ ತಿರುವುಗಳಲ್ಲಿ ಜೀವ ಕೈಯಲ್ಲಿ ಹಿಡಿದು ಓಡಬೇಕಾಗುತ್ತದೆ. ಅದು ಆ ಚಿತ್ರದ ಅತ್ಯಂತ ನಗು ತರಿಸುವ ಭಾಗ, ಅತ್ಯಂತ ಆತಂಕದ ಭಾಗವೂ ಹೌದು. ಇಂಥ ಮೋಜು ಮರಳಿ ಬರುವುದಾದರೆ ನಾನೂ ತಮ್ಮ ಪಕ್ಷದವನೇ.

ಪ್ರಶ್ನೆ: ನಾನು ನೋಡಿದ ಮೊದಲ ಬಾಂಡ್ ‘ಸ್ಕೈಫಾಲ್’. ನಂತರ ಹಿರಿಯರ ಒತ್ತಾಯಕ್ಕೆ ಉದಯಪುರದಲ್ಲಿ ಚಿತ್ರಿಸಿದ ‘ಆಕ್ಟೋಪಸಿ’ಯನ್ನು ನೋಡಿದೆ. ಕೋಡಂಗಿ ವೇಷದ ಗೂಢಚಾರನನ್ನು ನಮ್ಮ ಹಿರಿಯರು ಹೇಗೆ ಸಹಿಸಿಕೊಂಡರು?
— ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ತಾವು ಕೋಡಂಗಿ ವೇಷವನ್ನೇ ಹೆಸರಿಸಿದ್ದು ಒಳ್ಳೆಯದಾಯಿತು. ಆ ಚಿತ್ರದಲ್ಲಿ ನಾನು ಪೂರ್ಣ ಮನಸ್ಸಿನಿಂದ ಸಮರ್ಥಿಸುವ ಸಂಗತಿ ಅದೊಂದೇ.

1983ರ ಆ ಚಿತ್ರದ ಆರಂಭವನ್ನು ನೆನಪಿಸಿಕೊಳ್ಳಿ. ಪೂರ್ವ ಬರ್ಲಿನ್‌ನ ಸರ್ಕಸ್ಸಿನಿಂದ ಕೋಡಂಗಿಯ ವೇಷದಲ್ಲಿ ತಪ್ಪಿಸಿಕೊಂಡ 009 ಎಂಬ ಗೂಢಚಾರನನ್ನು ಚಾಕು ಎಸೆಯುವ ಅವಳಿ ಸೋದರರು ಕಾಡಿನಲ್ಲಿ ಬೆನ್ನಟ್ಟುತ್ತಾರೆ. ಬೆನ್ನಿಗೆ ಚಾಕು ನಾಟಿದ ಅವನು ಬಣ್ಣ ಬಳಿದ ಮುಖದಲ್ಲೇ ಬ್ರಿಟಿಷ್ ರಾಯಭಾರಿಯ ಮನೆಯೊಳಕ್ಕೆ ಬಿದ್ದು ಸಾಯುತ್ತಾನೆ. ಹೀಗೆ ಆ ವೇಷಕ್ಕೆ ಸಾವಿನ ನಂಟು ಮೊದಲೇ ಅಂಟಿಕೊಂಡಿದೆ. ಕೊನೆಯ ಭಾಗದಲ್ಲಿ ಪಶ್ಚಿಮ ಜರ್ಮನಿಯ ಅಮೆರಿಕನ್ ವಾಯುನೆಲೆಯ ಸರ್ಕಸ್ಸಿನಲ್ಲಿ ಅಣುಬಾಂಬ್ ಅಡಗಿದೆ, ಗಡಿಯಾರ ಓಡುತ್ತಿದೆ, ಪೊಲೀಸರ ಕಣ್ತಪ್ಪಿಸಲು ಬಾಂಡ್ ಅದೇ ವೇಷವನ್ನು ಹಾಕಿಕೊಳ್ಳಬೇಕಾಗಿದೆ. ಬಾಂಬ್ ಇದೆಯೆಂದು ಅವನು ಕೂಗಿದಷ್ಟೂ ಸುತ್ತಲಿನ ಸೈನಿಕರು, ಅವರ ಹೆಂಡಿರು, ಮಕ್ಕಳು ಹೊಟ್ಟೆ ಹಿಡಿದು ನಗುತ್ತಾರೆ. ಮೂರ್ ಅವರು ಇಲ್ಲಿ ಒಂದು ಕ್ಷಣವೂ ನಮ್ಮತ್ತ ಕಣ್ಣು ಮಿಟುಕಿಸುವುದಿಲ್ಲ. ಸಾವಿರಾರು ಜನರ ಪ್ರಾಣ ಹೋಗಲಿದೆಯೆಂದು ಬಲ್ಲ ಒಬ್ಬನೇ ಮನುಷ್ಯ ಅಲ್ಲಿರುವವರ ಪಾಲಿಗೆ ತಮಾಷೆಯ ವಸ್ತುವಾಗಿದ್ದಾನೆ. ಇಡೀ ಸರಣಿಯಲ್ಲಿ ಇದಕ್ಕಿಂತ ಬಿಗಿಯಾದ ಹತ್ತು ನಿಮಿಷಗಳು ಬಹಳ ಇಲ್ಲ. ಕ್ರೇಗ್ ಅವರ ಯಾವ ಚಿತ್ರದಲ್ಲಿಯೂ ನಾಯಕ ಇಷ್ಟು ಅಸಹಾಯಕನಾಗಿ ಕಂಡ ನೆನಪು ನನಗಿಲ್ಲ.

ಇನ್ನು ತಮ್ಮ ಅಸಹನೆಗೆ ನ್ಯಾಯವಾದ ಕಾರಣಗಳೂ ಅದೇ ಚಿತ್ರದಲ್ಲಿವೆ. ಕಾಡಿನಲ್ಲಿ ಬಂದೂಕುಧಾರಿಗಳು ಬಾಂಡ್‌ನನ್ನು ಮೃಗದಂತೆ ಬೇಟೆಯಾಡುತ್ತಿರುವಾಗ ಅವನು ಬಳ್ಳಿ ಹಿಡಿದು ಜೋತಾಡುತ್ತಾನೆ, ಹಿನ್ನೆಲೆಯಲ್ಲಿ ಟಾರ್ಜನ್‌ನ ಕೂಗು ಕೇಳಿಸುತ್ತದೆ. ಆ ಕೂಗು ಬಾಂಡ್‌ನದ್ದಲ್ಲ, ಸಂಕಲನದ ಕೋಣೆಯಲ್ಲಿ ಕುಳಿತವರದ್ದು. ಬೇಟೆಯ ಭಯವೆಲ್ಲ ಅಲ್ಲಿಗೆ ಕರಗಿಹೋಗುತ್ತದೆ. ಕೋಡಂಗಿ ವೇಷವನ್ನು ಕಥೆಯೇ ಬೇಡುತ್ತದೆ, ಟಾರ್ಜನ್ ಕೂಗನ್ನು ಕಥೆ ಬೇಡುವುದಿಲ್ಲ. ಇವೆರಡನ್ನೂ ಮೋಜು ಎಂದು ಒಂದೇ ಬುಟ್ಟಿಗೆ ಹಾಕಿದ್ದರಿಂದಲೇ ಮೂರ್ ಅವರ ಕಾಲದ ಬಗ್ಗೆ ಇಷ್ಟೊಂದು ಗೊಂದಲ ಉಳಿದಿದೆ.

ಉದಯಪುರದ ಭಾಗದ ಬಗ್ಗೆಯೂ ಒಂದು ಮಾತು ಹೇಳಬೇಕು. ಟೆನಿಸ್ ತಾರೆ ವಿಜಯ್ ಅಮೃತರಾಜ್ ಅವರು ಆಟೋರಿಕ್ಷಾದ ಓಟದಲ್ಲಿ ರ‍್ಯಾಕೆಟ್ ಹಿಡಿದು ಖಳರನ್ನು ಹೊಡೆಯುವಾಗ, ಬೀದಿಯ ಜನ ಪಂದ್ಯ ನೋಡುವವರಂತೆ ಅತ್ತಿಂದಿತ್ತ ತಲೆ ತಿರುಗಿಸುವುದು ಈಗಲೂ ನಗೆ ಬರಿಸುತ್ತದೆ. ಆ ಪಾತ್ರವೇ ಮುಂದೆ ಕ್ರೂರವಾಗಿ ಕೊಲೆಯಾಗುವುದರಿಂದ ಆ ನಗುವಿಗೆ ಬೆಲೆಯೂ ಬರುತ್ತದೆ. ಆದರೆ ಬೆಂಕಿಯ ಕೆಂಡ, ಮುಳ್ಳಿನ ಹಾಸಿಗೆ, ಕತ್ತಿ ನುಂಗುವವ ಇವರನ್ನೆಲ್ಲ ಒಂದೇ ಸಂತೆಯಲ್ಲಿ ಗುಡ್ಡೆಹಾಕಿ, ಗೆದ್ದ ಹಣವನ್ನು ಭಾರತೀಯ ಸಹಾಯಕನ ಕೈಗಿಟ್ಟು ಕೆಲವು ವಾರಗಳ ‘ಕರಿ’ ಊಟಕ್ಕೆ ಇದು ಸಾಕೆಂದು ಬಾಂಡ್ ಹೇಳುವಾಗ, ನಗುತ್ತಿರುವವರು ಯಾರು, ಯಾರನ್ನು ನೋಡಿ ನಗುತ್ತಿದ್ದಾರೆ ಎಂಬುದು ನಮ್ಮವರಿಗೆ ಅಂದೇ ಗೊತ್ತಿತ್ತು. ಹೊಸ ಚಿತ್ರಗಳಿಗೆ ವಿನೋದ ಬೇಕೆನ್ನುವಾಗ ಈ ಬಗೆಯದನ್ನು ಯಾರೂ ಕೇಳುತ್ತಿಲ್ಲವೆಂದು ಭಾವಿಸುತ್ತೇನೆ.

ಪ್ರಶ್ನೆ: ಅರ್ಧ ಗಂಭೀರ, ಅರ್ಧ ಮೋಜು ಎಂದು ಪಾಲು ಮಾಡಿದರೆ ಎಲ್ಲರಿಗೂ ತೃಪ್ತಿಯಾಗುವುದಿಲ್ಲವೇ?
— ಓದುಗರು, ಕಲ್ಸಂಕ, ಉಡುಪಿ

ಉತ್ತರ: ಆ ಪ್ರಯೋಗ 2002ರ ‘ಡೈ ಅನದರ್ ಡೇ’ಯಲ್ಲಿ ಆಗಿಹೋಗಿದೆ. ಮೊದಲ ಭಾಗದಲ್ಲಿ ಬಾಂಡ್ ಉತ್ತರ ಕೊರಿಯಾದ ಸೆರೆಯಲ್ಲಿ ಹದಿನಾಲ್ಕು ತಿಂಗಳು ಚಿತ್ರಹಿಂಸೆ ಅನುಭವಿಸುತ್ತಾನೆ. ಗಡ್ಡ ಬೆಳೆದು, ತನ್ನವರಿಂದಲೇ ಶಂಕೆಗೊಳಗಾಗಿ ಹೊರಬರುತ್ತಾನೆ. ಆಮೇಲೆ ಗಡ್ಡ ಬೋಳಿಸಿಕೊಂಡು, ಹೊಸ ಸೂಟು ತೊಟ್ಟದ್ದೇ ತಡ, ಹದಿನಾಲ್ಕು ತಿಂಗಳ ಗುರುತು ಅವನ ಮೈಯಲ್ಲಾಗಲಿ ಮನಸ್ಸಿನಲ್ಲಾಗಲಿ ಉಳಿಯುವುದಿಲ್ಲ. ಉತ್ತರಾರ್ಧದಲ್ಲಿ ಹಿಮದ ಅರಮನೆ, ಕಣ್ಣಿಗೆ ಕಾಣದ ಕಾರು, ಕಂಪ್ಯೂಟರಿನಲ್ಲಿ ಬರೆದ ಅಲೆಯ ಮೇಲೆ ಜಾರಾಟ. ಪಾಲು ಸಮನಾಗಿಯೇ ಇದೆ. ಆದರೆ ಮೊದಲರ್ಧದ ನೋವು ಎರಡನೆಯ ಅರ್ಧಕ್ಕೆ ದಾಟಿ ಬರುವುದಿಲ್ಲವಾದ್ದರಿಂದ ಎರಡೂ ಸುಳ್ಳೆನಿಸುತ್ತವೆ. ಆ ಚಿತ್ರದಲ್ಲಿ ಬಾಂಡ್ ಆಗಿದ್ದ ಪಿಯರ್ಸ್ ಬ್ರಾಸ್ನನ್ ಅವರನ್ನು ಇದಕ್ಕಾಗಿ ದೂರುವುದು ತರವಲ್ಲ. ಅವರು ಕೊಟ್ಟದ್ದನ್ನು ಚೆನ್ನಾಗಿಯೇ ನಿಭಾಯಿಸಿದರು.

ಪ್ರಶ್ನೆ: ಯಕ್ಷಗಾನದಲ್ಲಿ ಎಷ್ಟೇ ರೌದ್ರದ ಪ್ರಸಂಗವಾದರೂ ಹಾಸ್ಯಗಾರನಿಗೆ ತನ್ನ ಜಾಗವಿದೆ. ಬಾಂಡ್ ಚಿತ್ರಗಳಲ್ಲಿಯೂ ನಗಿಸಲು ಒಬ್ಬರನ್ನು ನೇಮಿಸಿ, ನಾಯಕನನ್ನು ಗಂಭೀರವಾಗಿಯೇ ಬಿಟ್ಟರೆ ಸಮಸ್ಯೆ ಬಗೆಹರಿಯುವುದಿಲ್ಲವೇ?
— ಹವ್ಯಾಸಿ ಕಲಾವಿದರು, ಬ್ರಹ್ಮಾವರ

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ತಮ್ಮದು. ನಮ್ಮ ರಂಗಸ್ಥಳದಲ್ಲಿ ನಗಿಸುವ ಹೊಣೆ ದೂತನಿಗೋ, ದ್ವಾರಪಾಲಕನಿಗೋ, ಬ್ರಾಹ್ಮಣನಿಗೋ ಹಂಚಿಹೋಗಿರುವುದರಿಂದ ಅರ್ಜುನನೋ ಕರ್ಣನೋ ತನ್ನ ಗಾಂಭೀರ್ಯವನ್ನು ಬಿಟ್ಟುಕೊಡಬೇಕಾಗಿಲ್ಲ. ಕನ್ನಡದ ಗೂಢಚಾರ ಚಿತ್ರಗಳು ಹಿಡಿದದ್ದೂ ಇದೇ ದಾರಿಯನ್ನು. ದೊರೆ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯ ಮೂಲಕ ಡಾ. ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿ ತೆರೆಗೆ ತಂದು, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಎಂದು ನಾಲ್ಕು ಚಿತ್ರಗಳನ್ನು ಮಾಡಿತು. ಅಲ್ಲಿ ರಾಜ್ ಅವರು ಸೂಟು ತೊಟ್ಟು, ಪಿಸ್ತೂಲು ಹಿಡಿದು, ಇಂಗ್ಲಿಷ್ ಬೆರೆತ ಹಾಡನ್ನೂ ಹಾಡಿದರು. ಆದರೆ ಹಾಸ್ಯದ ಭಾರ ನರಸಿಂಹರಾಜು ಅವರಂಥವರ ಹೆಗಲ ಮೇಲಿತ್ತು. ಮಯೂರನಾಗಿಯೂ ರಣಧೀರ ಕಂಠೀರವನಾಗಿಯೂ ಜನರ ಮನಸ್ಸಿನಲ್ಲಿ ನಿಲ್ಲಬಲ್ಲ ನಟನಿಗೆ ಆ ವಿಂಗಡಣೆ ಒಪ್ಪುವಂಥದ್ದು.

ಬಾಂಡ್‌ಗೆ ಅದು ಒಪ್ಪುವುದಿಲ್ಲ. ಕಾನರಿ ಅವರ ಕಾಲದಿಂದಲೂ ಕೊಲ್ಲುವವನೂ ಚಟಾಕಿ ಹಾರಿಸುವವನೂ ಒಬ್ಬನೇ. ಯಂತ್ರೋಪಕರಣ ಕೊಡುವ ‘ಕ್ಯೂ’ನ ಸಿಡುಕು, ಮೇಲಧಿಕಾರಿಯ ಗದರಿಕೆ ಇವೆಲ್ಲ ಒಗ್ಗರಣೆಯಾಗಿ ಬಂದವೇ ಹೊರತು ನಾಯಕನ ಮಾತಿಗೆ ಬದಲಿಯಾಗಲಿಲ್ಲ. ಹೀಗಾಗಿ ತಾವು ಹೇಳುವ ಹಾಸ್ಯಗಾರನನ್ನು ನೇಮಿಸಿದ ಕೂಡಲೇ ಬಾಂಡ್ ಬರೀ ಬಲಶಾಲಿಯಾದ ಕೊಲೆಗಾರನಾಗಿ ಉಳಿಯುತ್ತಾನೆ. ಅಂಥವರು ಬೇರೆ ಸರಣಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಯಕ್ಷಗಾನದಿಂದಲೇ ಹೋಲಿಕೆ ಬೇಕೆಂದರೆ ನಾನು ಬಾಹುಕನನ್ನು ಹೆಸರಿಸುತ್ತೇನೆ. ಕಾರ್ಕೋಟಕನ ವಿಷದಿಂದ ರೂಪಗೆಟ್ಟ ನಳನ ಆ ವೇಷವನ್ನು ಹಾಸ್ಯಗಾರರೇ ಮಾಡುವ ರೂಢಿಯಿದೆ. ಬಾಹುಕ ನಗಿಸುತ್ತಾನೆ, ಆದರೆ ರಾಜ್ಯವನ್ನೂ ಹೆಂಡತಿಯನ್ನೂ ಕಳೆದುಕೊಂಡವನು ಒಳಗಿದ್ದಾನೆಂದು ಸಭೆಯಲ್ಲಿ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ. ಒಳ್ಳೆಯ ಹಾಸ್ಯಗಾರ ಆ ಪಾತ್ರದಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದನ್ನು ಬಲ್ಲ, ಭಾಗವತರೂ ಅದನ್ನು ಬಲ್ಲರು. ಒಂದು ಮಾತು ಹೆಚ್ಚಾದರೆ ನಳ ಮಾಯವಾಗಿ ವಿದೂಷಕ ಉಳಿಯುತ್ತಾನೆ. ಬಾಂಡ್ ಪಾತ್ರಧಾರಿಯ ಕಷ್ಟವೂ ಅದೇ ಜಾತಿಯದ್ದು. 2006ರ ‘ಕ್ಯಾಸಿನೋ ರಾಯಲ್’ನಲ್ಲಿ ಕ್ರೇಗ್ ಅವರ ಬಾಂಡ್‌ನನ್ನು ತಳವಿಲ್ಲದ ಕುರ್ಚಿಗೆ ಕಟ್ಟಿ, ಗಂಟು ಹಾಕಿದ ಹಗ್ಗದಿಂದ ಹೇಳಬಾರದ ಜಾಗಕ್ಕೆ ಬಾರಿಸುವಾಗ, ಅವನು ಕಿರುಚಾಟದ ನಡುವೆ ಅಲ್ಲಿ ಸ್ವಲ್ಪ ತುರಿಕೆಯಿದೆ, ಇನ್ನೂ ಬಲಕ್ಕೆ ಹೊಡೆ ಎನ್ನುತ್ತಾನೆ. ಸರಣಿಯ ಅತ್ಯಂತ ಕಠೋರವಾದ ದೃಶ್ಯದಲ್ಲಿ ಸರಣಿಯ ಅತ್ಯುತ್ತಮ ನಗೆಮಾತೂ ಇದೆ. ಕದ್ರಿಯ ಹಿರಿಯರಿಗೆ ಸೂತಕದ ಮನೆಯಂತೆ ಕಂಡ ಕ್ರೇಗ್ ಯುಗ ಶುರುವಾದದ್ದು ಹೀಗೆ. ಆ ನಗು ಬತ್ತಿದ್ದು ಎರಡನೆಯ ಚಿತ್ರದಿಂದ. 2007-08ರ ಬರಹಗಾರರ ಮುಷ್ಕರದ ನಡುವೆ, ಚಿತ್ರಕಥೆ ಪೂರ್ತಿಯಾಗದೆಯೇ ಚಿತ್ರೀಕರಣ ನಡೆಸಿದ ‘ಕ್ವಾಂಟಮ್ ಆಫ್ ಸೋಲೇಸ್’ನಲ್ಲಿ ಬಾಂಡ್ ಓಡುತ್ತಾನೆ, ಹೊಡೆಯುತ್ತಾನೆ, ಮಾತಾಡಲು ಮಾತ್ರ ಅವನ ಬಳಿ ಏನೂ ಇಲ್ಲ. ಗಂಭೀರ ದೃಶ್ಯವನ್ನು ಸೆಟ್ಟಿನಲ್ಲಿ ನಿಂತುಕೊಂಡು ಹೇಗೋ ಹೊಲಿಯಬಹುದು, ಒಳ್ಳೆಯ ಹಾಸ್ಯಕ್ಕೆ ಬರಹಗಾರ ಬೇಕೇ ಬೇಕು.

ಪ್ರಶ್ನೆ: ಸಾಹಸ ದೃಶ್ಯಗಳಲ್ಲಿ ಮೋಜು ಮತ್ತು ಗಾಂಭೀರ್ಯ ಹೇಗೆ ಕೂಡುತ್ತವೆ?
— ಧ್ವನಿ ತಂತ್ರಜ್ಞರು, ಕುಲಶೇಖರ, ಮಂಗಳೂರು

ಉತ್ತರ: ತಮ್ಮ ವೃತ್ತಿಯವರಿಗೆ ಎರಡು ಜಿಗಿತಗಳನ್ನು ಜೋಡಿಸಿ ತೋರಿಸಿದರೆ ಸಾಕು. 1974ರ ‘ದ ಮ್ಯಾನ್ ವಿತ್ ದ ಗೋಲ್ಡನ್ ಗನ್’ನಲ್ಲಿ ಕಾರೊಂದು ಮುರಿದ ಸೇತುವೆಯಿಂದ ಹಾರಿ, ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ಹೊರಳಿ, ಕಾಲುವೆಯ ಆಚೆ ದಡದಲ್ಲಿ ನಾಲ್ಕು ಚಕ್ರಗಳ ಮೇಲೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಒಬ್ಬ ಚಾಲಕ ನಿಜವಾಗಿ ಕುಳಿತು, ಒಂದೇ ಪ್ರಯತ್ನದಲ್ಲಿ ಸಾಧಿಸಿದ ಜಿಗಿತವದು. ಅದರ ಮೇಲೆ ಮಕ್ಕಳ ಪೀಪಿಯಂಥ ಸದ್ದನ್ನು ಕೂರಿಸಿದರು. ನಿಜವಾದ ಪ್ರಾಣಾಪಾಯ ಒಂದೇ ಸದ್ದಿಗೆ ಕಾರ್ಟೂನ್ ಆಗಿಹೋಯಿತು. 1977ರ ‘ದ ಸ್ಪೈ ಹೂ ಲವ್ಡ್ ಮಿ’ಯಲ್ಲಿ ರಿಕ್ ಸಿಲ್ವೆಸ್ಟರ್ ಅವರು ಕೆನಡಾದ ಮೌಂಟ್ ಆಸ್ಗಾರ್ಡ್ ಬೆಟ್ಟದ ಅಂಚಿನಿಂದ ಹಿಮಹಾವುಗೆಯ (ಸ್ಕೀ) ಸಮೇತ ಕೆಳಕ್ಕೆ ಹಾರಿದಾಗ ಸಂಗೀತವನ್ನು ಪೂರ್ತಿ ನಿಲ್ಲಿಸಿದರು. ಮೌನದಲ್ಲಿ ಒಂದು ಮನುಷ್ಯಾಕೃತಿ ಬೀಳುತ್ತಲೇ ಹೋಗುತ್ತದೆ, ಹಾವುಗೆಗಳು ಕಳಚಿಕೊಳ್ಳುತ್ತವೆ, ಆಮೇಲೆ ಬ್ರಿಟನ್ನಿನ ಧ್ವಜದ ಬಣ್ಣದ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ, ಆಗ ಬಾಂಡ್ ಸಂಗೀತ ಮೊಳಗುತ್ತದೆ. ಧ್ವಜದ ಪ್ಯಾರಾಚೂಟ್ ಎಂಬ ಕಲ್ಪನೆ ಪೀಪಿಯ ಸದ್ದಿಗಿಂತ ಕಡಿಮೆ ಹಾಸ್ಯಾಸ್ಪದವೇನಲ್ಲ. ಅದು ಭಯವನ್ನು ಪೂರ್ತಿ ಅನುಭವಿಸಲು ಬಿಟ್ಟ ಮೇಲೆ ಬಂತು.

ಪ್ರಶ್ನೆ: ‘ಲೈಸೆನ್ಸ್ ಟು ಕಿಲ್’ ಚಿತ್ರವೇ ಫ್ಲೆಮಿಂಗ್ ಅವರ ಕಾದಂಬರಿಗಳ ಬಾಂಡ್‌ಗೆ ಹತ್ತಿರವೆಂಬುದು ನನ್ನ ನಂಬಿಕೆ. ಅದು ಸೋತದ್ದೇಕೆ?
— ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು, ಸುರತ್ಕಲ್

ಉತ್ತರ: ಚಿತ್ರದ ಹೊರಗಿನ ಕಾರಣಗಳು ಹಲವಿದ್ದವು. 1989ರ ಆ ಬೇಸಿಗೆಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಬ್ಯಾಟ್‌ಮ್ಯಾನ್, ಇಂಡಿಯಾನಾ ಜೋನ್ಸ್ ಮೊದಲಾದವರ ನೂಕುನುಗ್ಗಲಿತ್ತು. ಬ್ರಿಟನ್ನಿನಲ್ಲಿ ಹಿಂಸೆಯ ಕಾರಣಕ್ಕೆ ಹದಿನೈದು ವರ್ಷ ಮೀರಿದವರಿಗೆ ಮಾತ್ರವೆಂಬ ಪ್ರಮಾಣಪತ್ರ ಸಿಕ್ಕಿದ್ದರಿಂದ, ತಲೆಮಾರುಗಳಿಂದ ಈ ಸರಣಿಯ ಮುಂದಿನ ಸಾಲಿನಲ್ಲಿ ಕುಳಿತ ಹುಡುಗರೇ ಹೊರಗುಳಿದರು. ಆಮೇಲಿನ ಕಾನೂನು ವ್ಯಾಜ್ಯದಿಂದ 1995ರವರೆಗೆ ಹೊಸ ಬಾಂಡ್ ಚಿತ್ರ ಬರಲೇ ಇಲ್ಲವಾಗಿ, ಆ ಮೌನದ ಅಪವಾದವೂ ಡಾಲ್ಟನ್ ಅವರ ತಲೆಗೇ ಅಂಟಿತು.

ಆದರೂ ಚಿತ್ರದ ಒಳಗೆ ಒಂದು ಕೊರತೆಯಿದೆ. ಶಾರ್ಕಿಗೆ ಆಹಾರವಾಗಿ ಕಾಲು ಕಳೆದುಕೊಂಡ ಗೆಳೆಯನ ಸೇಡಿಗಾಗಿ ಬಾಂಡ್ ಕೆಲಸವನ್ನೇ ಬಿಟ್ಟು ಹೊರಡುವುದು ಗಟ್ಟಿಯಾದ ಕಥಾವಸ್ತು, ಡಾಲ್ಟನ್ ಅವರ ಕಣ್ಣಿನ ಕಿಚ್ಚಿಗೆ ತಕ್ಕದ್ದು. ಆದರೆ ಚಟಾಕಿಯ ಸರದಿ ಬಂದಾಗ ಅವರು ಅದನ್ನು ಸಾಲ ತೀರಿಸುವವರಂತೆ ಒಪ್ಪಿಸಿ ಮುಂದೆ ಸಾಗುತ್ತಾರೆ. ‘ಕ್ಯೂ’ ಪಾತ್ರದ ಡೆಸ್ಮಂಡ್ ಲೆವೆಲಿನ್ ಅವರು ರಜೆ ಹಾಕಿ ಸೂಟ್‌ಕೇಸ್ ಹಿಡಿದು ಬಂದಾಗ ಮಾತ್ರ ಚಿತ್ರ ಉಸಿರಾಡುತ್ತದೆ. ಬ್ರಹ್ಮಾವರದ ಕಲಾವಿದರು ಬಯಸಿದ ವ್ಯವಸ್ಥೆ ಇಲ್ಲಿ ತಾನಾಗಿ ಏರ್ಪಟ್ಟಿದೆ, ಅದು ಸಾಲದೆಂಬುದೂ ಇಲ್ಲಿಯೇ ಗೊತ್ತಾಗುತ್ತದೆ. ಆದರೂ ತಮ್ಮ ನಂಬಿಕೆಯನ್ನು ಬಿಡಬೇಡಿ. ನಾನು ಬ್ರಾಸ್ನನ್ ಅವರ ಕೊನೆಯ ಎರಡು ಚಿತ್ರಗಳಿಗಿಂತ ಇದನ್ನೇ ಮತ್ತೆ ನೋಡಲು ಬಯಸುವವನು.

ಪ್ರಶ್ನೆ: ಹತ್ತು ವರ್ಷದ ಮಗನಿಗೆ ಯಾವ ಬಾಂಡ್ ಚಿತ್ರದಿಂದ ಆರಂಭಿಸಬಹುದು?
— ತಾಯಿ, ಬಿಜೈ

ಉತ್ತರ: ‘ದ ಸ್ಪೈ ಹೂ ಲವ್ಡ್ ಮಿ’. ನೀರಿನೊಳಗೆ ಈಜುವ ಕಾರಿಗಾಗಿ ಅವನು ತಮಗೆ ಋಣಿಯಾಗಿರುತ್ತಾನೆ, ಉಕ್ಕಿನ ಹಲ್ಲಿನ ದೈತ್ಯನಿಗೆ ಸ್ವಲ್ಪ ಹೆದರುತ್ತಾನೆ, ಹೆದರಲಿ. 2024ರಿಂದ ನಮ್ಮ ದೇಶದ ಯು/ಎ ಪ್ರಮಾಣಪತ್ರ ಏಳು, ಹದಿಮೂರು, ಹದಿನಾರು ಎಂದು ವಯಸ್ಸಿನ ಮೂರು ಮೆಟ್ಟಿಲುಗಳಾಗಿರುವುದರಿಂದ ಹೊಸ ಚಿತ್ರ ಬಂದಾಗ ಅದನ್ನು ನೋಡಿಕೊಂಡು ನಿರ್ಧರಿಸಿ. ‘ಕ್ಯಾಸಿನೋ ರಾಯಲ್’ಗೆ ಇನ್ನೂ ಕೆಲವು ವರ್ಷ ಕಾಯಬಹುದು.

ಪ್ರಶ್ನೆ: 2021ರ ಚಿತ್ರದಲ್ಲಿ ಬಾಂಡ್ ಸತ್ತೇ ಹೋದ. ಮಗಳನ್ನೂ ಪ್ರೀತಿಸಿದವಳನ್ನೂ ಬಿಟ್ಟು ಸತ್ತವನನ್ನು ಮತ್ತೆ ಎಬ್ಬಿಸಿ ನಗಿಸುವುದು ಅಸಭ್ಯವಲ್ಲವೇ?
— ಓದುಗರು, ಅಂಬಲಪಾಡಿ

ಉತ್ತರ: ಕ್ರೇಗ್ ಅವರ ಐದು ಚಿತ್ರಗಳು ಒಂದೇ ಮನುಷ್ಯನ ಆದ್ಯಂತ ಕಥೆಯಾಗಿ ಹೆಣೆದುಕೊಂಡವು. ಪ್ರತಿಯೊಂದು ಚಿತ್ರದ ದುಃಖವೂ ಮುಂದಿನದಕ್ಕೆ ಬಡ್ಡಿಸಮೇತ ವರ್ಗವಾಗುತ್ತ ಹೋದದ್ದರಿಂದ ಕೊನೆಯ ಹೊತ್ತಿಗೆ ಎರಡು ಮುಕ್ಕಾಲು ಗಂಟೆಗೆ ಹತ್ತಿರದ ಚಿತ್ರವೇ ಬೇಕಾಯಿತು, ನಾಯಕನ ಸಾವೂ ಬೇಕಾಯಿತು. ಆ ಲೆಕ್ಕ ಅಲ್ಲಿಗೆ ಮುಗಿದಿದೆ. ಹೊಸ ನಟ ಬಂದಾಗ ಹೊಸ ಲೆಕ್ಕ ಆರಂಭವಾಗುವುದು ಈ ಸರಣಿಯಲ್ಲಿ ಒಪ್ಪಿತವಾದ ಪದ್ಧತಿ.

ನೆನಪನ್ನು ಹಗುರವಾಗಿ ಹೊರುವ ವಿಧಾನ ಹಳೆಯ ಚಿತ್ರಗಳಿಗೆ ಗೊತ್ತಿತ್ತು. 1969ರಲ್ಲಿ ಸತ್ತ ಮಡದಿಯ ಪ್ರಸ್ತಾಪ 1977ರಲ್ಲಿ ರಷ್ಯಾದ ಗೂಢಚಾರಿಣಿಯ ಬಾಯಿಂದ ಬಂದಾಗ, ಅಷ್ಟು ಹೊತ್ತು ನಗುನಗುತ್ತಿದ್ದ ಮೂರ್ ಅವರ ಬಾಂಡ್ ಮಾತನ್ನು ಅರ್ಧಕ್ಕೇ ತಡೆಯುತ್ತಾನೆ. 1989ರಲ್ಲಿ ಗೆಳೆಯನ ಮದುವೆಯ ದಿನ ವಧುವಿನ ತಮಾಷೆಗೆ ಡಾಲ್ಟನ್ ಅವರ ಮುಖ ಕಪ್ಪಿಡುತ್ತದೆ; ಅವನಿಗೂ ಒಮ್ಮೆ ಮದುವೆಯಾಗಿತ್ತು, ಬಹಳ ಹಿಂದೆ ಎಂದು ಗೆಳೆಯ ಅವಳಿಗೆ ಹೇಳುತ್ತಾನೆ. ಕೆಲವೇ ಕ್ಷಣಗಳ ಇಂಥ ಮಾತುಗಳು ಒಂದಿಡೀ ಚಿತ್ರದ ವಿಷಾದ ಮಾಡುವ ಕೆಲಸವನ್ನು ಮಾಡುತ್ತವೆ. ಇದನ್ನೇ ಕೆಡಿಸಿದ್ದೂ ಉಂಟು. 1981ರ ಚಿತ್ರ ಮಡದಿಯ ಸಮಾಧಿಗೆ ಬಾಂಡ್ ಹೂವಿಡುವುದರಿಂದ ತೊಡಗಿ, ಕೆಲವೇ ನಿಮಿಷಗಳಲ್ಲಿ ಗಾಲಿಕುರ್ಚಿಯ ಬೋಳುತಲೆಯ ಖಳನನ್ನು ಹೆಲಿಕಾಪ್ಟರಿನಿಂದ ಕಾರ್ಖಾನೆಯ ಚಿಮಣಿಯೊಳಕ್ಕೆ ಉದುರಿಸುವುದಕ್ಕೆ ಬಂದು ಮುಟ್ಟುತ್ತದೆ. ಹೂವಿನ ದೃಶ್ಯಕ್ಕೂ ಚಿಮಣಿಯ ದೃಶ್ಯಕ್ಕೂ ನಡುವೆ ಬಾಂಡ್‌ಗೆ ಏನಾಯಿತೆಂದು ಯಾರೂ ಯೋಚಿಸಿದಂತಿಲ್ಲ.

ಪ್ರಶ್ನೆ: ಮುಂದಿನ ಚಿತ್ರದ ನಿರ್ದೇಶಕ, ಬರಹಗಾರ ಇಬ್ಬರೂ ನಗಲಾರದವರೆಂದು ಕೇಳಿದ್ದೇನೆ. ಆತಂಕಪಡಬೇಕೇ?
— ಓದುಗರು, ಮಲ್ಪೆ

ಉತ್ತರ: 2025ರ ಫೆಬ್ರವರಿಯಲ್ಲಿ ಸರಣಿಯ ಸೃಜನಾತ್ಮಕ ಹಿಡಿತ ಬಾರ್ಬರಾ ಬ್ರೊಕೊಲಿ ಮತ್ತು ಮೈಕೆಲ್ ಜಿ. ವಿಲ್ಸನ್ ಅವರ ಕೈಯಿಂದ ಅಮೆಜಾನ್ ಎಂಜಿಎಂ ಸಂಸ್ಥೆಗೆ ಹೋಯಿತು, ಅದೇ ವರ್ಷ ಡೆನಿ ವಿಲ್ನೆವ್ ನಿರ್ದೇಶಕರೆಂದೂ ಸ್ಟೀವನ್ ನೈಟ್ ಬರಹಗಾರರೆಂದೂ ಪ್ರಕಟವಾಯಿತು. ‘ಸಿಕಾರಿಯೊ’, ‘ಡ್ಯೂನ್’ ಚಿತ್ರಗಳ ವಿಲ್ನೆವ್ ಅವರು ಮರುಭೂಮಿಯನ್ನೂ ಮೌನವನ್ನೂ ಅದ್ಭುತವಾಗಿ ಚಿತ್ರಿಸಬಲ್ಲರು. ಅವರ ಚಿತ್ರ ನೋಡುತ್ತ ನಾನು ಜೋರಾಗಿ ನಕ್ಕದ್ದಿಲ್ಲ. ತಮ್ಮ ಆತಂಕದ ಅರ್ಧ ಭಾಗ ನನಗೂ ಇದೆ. ಬಾಲ್ಯದಲ್ಲಿ ತಂದೆಯ ಜೊತೆ ಕಾನರಿ ಅವರ ಬಾಂಡ್ ಚಿತ್ರಗಳನ್ನು ನೋಡುತ್ತ ಬೆಳೆದವನೆಂದು ಅವರು ಹೇಳಿಕೊಂಡಿರುವುದು ಸಮಾಧಾನದ ಸಂಗತಿ.

ನೈಟ್ ಅವರ ಬಗ್ಗೆ ಮಾತ್ರ ತಾವು ಕೇಳಿದ್ದು ಸರಿಯಲ್ಲ. ‘ಪೀಕಿ ಬ್ಲೈಂಡರ್ಸ್’ ಎಂಬ ರಕ್ತಸಿಕ್ತ ಧಾರಾವಾಹಿಯಿಂದ ಹೆಸರಾಗುವ ಮೊದಲು ಅವರು ಬ್ರಿಟಿಷ್ ಹಾಸ್ಯನಟ ಜ್ಯಾಸ್ಪರ್ ಕ್ಯಾರಟ್ ಅವರಿಗೆ ಹಾಸ್ಯ ಬರೆದುಕೊಟ್ಟವರು. ಅಷ್ಟೇ ಅಲ್ಲ, ಪುನೀತ್ ರಾಜ್‌ಕುಮಾರ್ ಅವರು ನಮ್ಮ ಮನೆಮನೆಗೆ ತಂದ ‘ಕನ್ನಡದ ಕೋಟ್ಯಧಿಪತಿ’ಯ ಮೂಲ ಬ್ರಿಟಿಷ್ ಕಾರ್ಯಕ್ರಮವನ್ನು ರೂಪಿಸಿದ ಮೂವರಲ್ಲಿ ಒಬ್ಬರು ಇದೇ ನೈಟ್. ಸಿಐಡಿ 999ರ ಮಗ ನಡೆಸಿಕೊಟ್ಟ ಆಟದ ಸೃಷ್ಟಿಕರ್ತನೇ 007ಗೆ ಕಥೆ ಬರೆಯುತ್ತಿರುವುದು ವಿಷಯಕ್ಕೆ ಅಷ್ಟಾಗಿ ಸಂಬಂಧಿಸಿದ್ದಲ್ಲ, ಆದರೂ ಹೇಳದಿರಲು ಮನಸ್ಸಾಗಲಿಲ್ಲ.

ಅವರಿಗೆ ಮಾದರಿ ಬೇಕಿದ್ದರೆ ದೂರ ಹೋಗಬೇಕಿಲ್ಲ. ‘ನೋ ಟೈಮ್ ಟು ಡೈ’ಯ ಚಿತ್ರಕಥೆಗೆ ಫೀಬಿ ವಾಲರ್-ಬ್ರಿಜ್ ಅವರ ಕೈಯೂ ಸೇರಿತ್ತು. ಆ ಚಿತ್ರದ ಕ್ಯೂಬಾ ಭಾಗದಲ್ಲಿ ಆನಾ ಡೆ ಆರ್ಮಸ್ ಅವರ ಪಲೋಮಾ ಎಂಬ ಗೂಢಚಾರಿಣಿ ತನಗೆ ಮೂರು ವಾರಗಳ ತರಬೇತಿಯಾಗಿದೆಯೆಂದು ಉತ್ಸಾಹದಿಂದ ಹೇಳಿ, ಗಡಿಬಿಡಿಯಲ್ಲಿ ಮದ್ಯವನ್ನು ಗಟಗಟನೆ ಕುಡಿದು, ನಮ್ಮನ್ನೂ ಬಾಂಡ್‌ನನ್ನೂ ಗಾಬರಿಗೊಳಿಸಿ, ಆಮೇಲೆ ಯಾರಿಗೂ ಕಡಿಮೆಯಿಲ್ಲದಂತೆ ಹೋರಾಡುತ್ತಾಳೆ. ಅದೇ ಸಭಾಂಗಣದಲ್ಲಿ ಸುತ್ತಲಿನ ಜನ ಕಣ್ಣಿಗೆ ಕಾಣದ ವಿಷಾಯುಧಕ್ಕೆ ಸಿಕ್ಕಿ ಒಬ್ಬೊಬ್ಬರಾಗಿ ಕುಸಿದು ಸಾಯುತ್ತಿದ್ದಾರೆ. ಇಡೀ ಚಿತ್ರದಲ್ಲಿ 1964ರ ಲೇಸರ್ ಮೇಜಿನ ವಂಶಕ್ಕೆ ಸೇರಿದ್ದೆಂದು ಹೇಳಬಹುದಾದ ಭಾಗ ಇದೊಂದೇ.

ಪ್ರಶ್ನೆ: ಹಾಗಾದರೆ ಮುಂದಿನ ಬಾಂಡ್ ಯಾರಾಗಬೇಕು?
— ಓದುಗರು, ಹಂಪನಕಟ್ಟೆ

ಉತ್ತರ: ಹೆಸರು ಹೇಳುವ ಚಾಳಿ ನನಗಿಲ್ಲ, ಆಯ್ಕೆಯ ವಿಧಾನದ ಬಗ್ಗೆ ಮಾತ್ರ ಹೇಳಬಲ್ಲೆ. ಹೊಸ ಬಾಂಡ್‌ನನ್ನು ಹುಡುಕುವಾಗ ನಿರ್ಮಾಪಕರು ಅಭ್ಯರ್ಥಿಗಳಿಂದ 1963ರ ‘ಫ್ರಮ್ ರಷ್ಯಾ ವಿತ್ ಲವ್’ನ ಒಂದು ದೃಶ್ಯವನ್ನು ಮಾಡಿಸುವ ಸಂಪ್ರದಾಯವನ್ನು ದಶಕಗಳ ಕಾಲ ಪಾಲಿಸಿದ್ದಾರೆ. ಬಾಂಡ್ ಹೋಟೆಲಿನ ಕೋಣೆಯಲ್ಲಿ ಸ್ನಾನಕ್ಕೆ ಹೊರಟಿದ್ದಾನೆ, ಪಕ್ಕದ ಕೋಣೆಯಲ್ಲಿ ಸದ್ದಾಗುತ್ತದೆ, ಟವೆಲ್ ಸುತ್ತಿಕೊಂಡು ಪಿಸ್ತೂಲು ಹಿಡಿದು ಹೋಗಿ ನೋಡಿದರೆ ಹಾಸಿಗೆಯಲ್ಲಿ ಒಬ್ಬ ಅಪರಿಚಿತ ಸುಂದರಿ. ಅವಳು ಶತ್ರುಪಕ್ಷದವಳು, ಇದು ಬಲೆಯೆಂದು ಅವನಿಗೆ ಗೊತ್ತು. ಸರಸವಾಡುತ್ತಲೇ ಅವನು ಅವಳ ಪ್ರತಿಯೊಂದು ಮಾತನ್ನೂ ತೂಗಬೇಕು, ಪಿಸ್ತೂಲನ್ನು ಕೆಳಗಿಟ್ಟರೂ ಮನಸ್ಸಿನಲ್ಲಿ ಹಿಡಿದೇ ಇರಬೇಕು. ಬರೀ ಸರಸಿಯಾದವನು ಆ ದೃಶ್ಯದಲ್ಲಿ ಹಗುರವಾಗುತ್ತಾನೆ, ಬರೀ ಬಿಗಿಯಾದವನು ಅವಳನ್ನು ವಿಚಾರಣೆಗೆ ಗುರಿಪಡಿಸುವ ಪೊಲೀಸನಂತೆ ಕಾಣುತ್ತಾನೆ. ಹೊಸ ಒಡೆಯರು ಹಳೆಯದನ್ನೆಲ್ಲ ಬದಲಿಸಿಕೊಳ್ಳಲಿ, ಈ ಪರೀಕ್ಷೆಯನ್ನು ಮಾತ್ರ ಉಳಿಸಿಕೊಳ್ಳಲಿ. ನಟನ ಜೊತೆಗೆ ಚಿತ್ರಕಥೆಯನ್ನೂ ಅದಕ್ಕೆ ಕೂರಿಸಲಿ.